ಬಟಾಣಿಯಲ್ಲಿ ಯಾರ ಪಾಲೆಷ್ಟು

ಜನವರಿ 12

ಬಟಾಣಿ ಅಮ್ಮನಿಗೆ,

ಇಲ್ಲಿಗೆ ಬಂದ ಮೇಲೆ ಇದೇ ಮೊದಲ ಕಾಗದ. ಕುಡಿತ ಬಿಡಿಸೋ ಈ ಜಾಗದಲ್ಲಿ ಫೋನ್ ಕೊಡಲ್ಲ, ಕಾಗದ ಬರೀಬಹುದು ಅಂತ ನಿನಗೂ ಆಫೀಸಿನವರು ಹೇಳಿದಾರಲ್ಲ. ಶುರುವಿನಲ್ಲಿ ಕೈ ನಡುಕಕ್ಕೆ ಪೆನ್ನು ನಿಲ್ತಾನೇ ಇರಲಿಲ್ಲ. ಈಗ ಪರವಾಗಿಲ್ಲ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತೆ.

ಕೋಣೆಯಲ್ಲಿ ನಾಲ್ಕು ಮಂಚ. ಕಿಟಕಿ ತೆಗೆದರೆ ಒಂದು ಗೋಡೆ, ಗೋಡೆ ಮೇಲೆ ತುಕ್ಕು ಹಿಡಿದ ಪೈಪು. ಹಡಗಿನ ಎಂಜಿನ್ ಕೋಣೆ ಪಕ್ಕದಲ್ಲಿ ಮಲಗಿ ಎದ್ದು ಜೀವನ ಕಳೆದವನಿಗೆ ಇಲ್ಲಿನ ನಿಶ್ಶಬ್ದ ದೊಡ್ಡ ಹಿಂಸೆ. ಸಮುದ್ರದಲ್ಲಿ ಎಂಜಿನ್ ನಿಂತರೆ ನಮಗೆಲ್ಲ ತಟ್ಟನೆ ಎಚ್ಚರ ಆಗುತ್ತೆ. ಇಲ್ಲಿ ಇಡೀ ದಿನ ಎಂಜಿನ್ ನಿಂತ ಹಾಗೇ ಇದೆ.

ಬೆಳಗ್ಗೆ ಎಲ್ಲರೂ ಸುತ್ತ ಕೂತು ಮಾತಾಡಬೇಕು. ಗಂಡಸರು ಹೆಂಗಸರು ಒಟ್ಟಿಗೇ. ಯಾಕೆ ಶುರು ಮಾಡಿದೆ, ಏನು ಕಳೆದುಕೊಂಡೆ, ಎಲ್ಲ ಹೇಳಬೇಕು. ನನ್ನ ಸರದಿ ಬಂದಾಗಲೆಲ್ಲ ‘ಇವತ್ತು ಬೇಡ’ ಅಂತೀನಿ. ಪಕ್ಕದಲ್ಲಿ ಒಬ್ಬರು ಟೈಲರ್ ಮೇಡಂ ಕೂರ್ತಾರೆ, ಅವರೂ ‘ಇವತ್ತು ಬೇಡ’ದವರೇ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಪರದೆ ಹಿಂದೆ ಕೂತು ಕುಡೀತಿದ್ದರಂತೆ. ಅಳತೆ ಕೊಡೋಕೆ ಬಂದವರು ವಾಸನೆ ಹಿಡಿದು ವಾಪಸ್ ಹೋಗ್ತಿದ್ದರಂತೆ.

ಅಡುಗೆಮನೆ ನಲ್ಲಿ ಸೋರ್ತಾ ಇತ್ತು. ವಾಷರ್ ತಂದಿಟ್ಟಿದ್ದೆ, ಹಾಕದೇ ಬಂದುಬಿಟ್ಟೆ. ನೀನು ಹೇಗಿದೀಯ?

ಇಂತಿ,
ಬಟಾಣಿ ಅಪ್ಪ


ಜನವರಿ 20

ನಿಮಗೆ,

ಕಾಗದ ಬಂತು. ನಡುಕ ನಿಂತಿರಬಹುದು, ಅಕ್ಷರ ಮಾತ್ರ ಅದೇ ಕಾಗೆ ಕಾಲು ಗುಬ್ಬಿ ಕಾಲು. ಆದರೂ ಗೆರೆ ಬಿಟ್ಟು ಹೋಗಿಲ್ಲ, ಸಂತೋಷ.

ನಲ್ಲಿ ನಾನೇ ಸರಿ ಮಾಡಿದೆ. ನೀವು ತಿಂಗಳುಗಟ್ಟಲೆ ಹಡಗಿನಲ್ಲಿರುವಾಗ ಅದನ್ನ ಯಾರು ಸರಿ ಮಾಡ್ತಿದ್ದರು ಅಂದುಕೊಂಡಿದ್ದಿರಿ?

ಕನ್ನಡಕದ ಅಂಗಡಿ ನಡೀತಾ ಇದೆ. ನಿನ್ನೆ ಒಬ್ಬ ಅಜ್ಜ ಬಂದು ಅರ್ಧ ದಿನ ಫ್ರೇಮ್ ಹಾಕಿ ಹಾಕಿ ನೋಡಿದರು. ಕೊನೆಗೆ, “ಇದರಲ್ಲಿ ನಾನು ಚೆನ್ನಾಗಿ ಕಾಣ್ತೀನಿ, ಆದರೆ ನನಗೆ ಏನೂ ಕಾಣ್ತಿಲ್ಲ” ಅಂದರು. ಬರೀ ಫ್ರೇಮು ಅಜ್ಜಾ, ಗಾಜು ಇನ್ನೂ ಹಾಕಿಲ್ಲ ಅಂದೆ. ಬಹಳ ದಿನದ ಮೇಲೆ ನಕ್ಕೆ.

ಲಕೋಟೆ ಮೇಲೆ ‘ಬಟಾಣಿ ಅಮ್ಮ’ ಅಂತ ಬರೀಬೇಡಿ. ಪೋಸ್ಟಿನವರು ಮೆಟ್ಟಿಲ ಹತ್ತಿರ ನಿಂತು ಗಟ್ಟಿಯಾಗಿ ಓದಿದರು. ಒಳಗೆ ಏನು ಬೇಕಾದರೂ ಬರ್ಕೊಳ್ಳಿ.

ಆ ಟೈಲರ್ ಮೇಡಂಗೆ ವಯಸ್ಸೆಷ್ಟು? ಸುಮ್ಮನೆ ಕೇಳಿದೆ.

ನಾನು


ಫೆಬ್ರವರಿ 2

ಬಟಾಣಿ ಅಮ್ಮನಿಗೆ,

ಟೈಲರ್ ಮೇಡಂ ನಿನಗಿಂತ ಸ್ವಲ್ಪ ಚಿಕ್ಕವರಿರಬಹುದು. ಕೇಳೋಕೆ ಹೋಗಿಲ್ಲ.

ಮೊನ್ನೆ ಮಾತಾಡಿದೆ ಕಣೆ. ಅವತ್ತು ಬೆಳಗ್ಗೆಯಿಂದಲೇ ಕುಡೀಬೇಕು ಅನ್ನೋ ಆಸೆ ಬಿಡ್ತಾನೇ ಇರಲಿಲ್ಲ. ಗೇಟಿನವರೆಗೂ ಹೋಗಿ ವಾಪಸ್ ಬಂದಿದ್ದೆ. ಸರದಿ ಬಂದಾಗ ‘ಇವತ್ತು ಬೇಡ’ ಅನ್ನೋಕೆ ಬಾಯಿ ತೆಗೆದರೆ, “ನನಗೊಬ್ಬಳು ಮಗಳಿದ್ದಳು, ಬಟಾಣಿ ಅಂತ ಕರೀತಿದ್ವಿ” ಅಂತ ಹೊರಗೆ ಬಂತು. ಕಾಗದದಲ್ಲಿ ಬರೆಯೋದು ಬೇರೆ, ಬಾಯಲ್ಲಿ ಹೇಳೋದು ಬೇರೆ. ಅವಳು ಹೋದ ಮೇಲೆ ಆ ಹೆಸರನ್ನ ನಾನು ಬಾಯಲ್ಲಿ ಹೇಳಿದ್ದೇ ಇಲ್ಲ, ಗಮನಿಸಿದ್ದೆಯಾ?

ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಜ್ವರ ತಲೆಗೆ ಏರಿದ್ದು, ಆಸ್ಪತ್ರೆ, ಎಲ್ಲ ಹೇಳಿದೆ. ಅತ್ತೆ. ಚಿಕ್ಕ ಹುಡುಗರ ಹಾಗೆ ಮೂಗು ಸುರಿಸಿಕೊಂಡು ಅತ್ತೆ. ಟೈಲರ್ ಮೇಡಂ ಚೀಲದಿಂದ ಒಂದು ಬಟ್ಟೆ ತುಂಡು ತೆಗೆದುಕೊಟ್ಟರು, ಯಾರದೋ ತೋಳಿಗೆ ಕತ್ತರಿಸಿದ್ದು. ಆವತ್ತು ರಾತ್ರಿ ಮಾತ್ರೆ ಇಲ್ಲದೆ ನಿದ್ದೆ ಬಂತು.

ನಿನಗೆ ಖುಷಿಯಾಗುತ್ತೆ ಅಂತ ಬರೀತಿದೀನಿ.

ಬಟಾಣಿ ಅಪ್ಪ


ಫೆಬ್ರವರಿ 9

ನಿಮಗೆ,

ಖುಷಿಯಾಯ್ತು. ಈ ಮಾತನ್ನ ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದೀನಿ. ಗುರುತು ಕಾಣುತ್ತೆ, ನೋಡಿ.

ಅತ್ತಿರಂತೆ. ನಾನು ನೋಡಿಲ್ಲವಲ್ಲ, ಹೇಗಿರುತ್ತೋ ಏನೋ. ಅವಳನ್ನ ಮಣ್ಣಿಗಿಟ್ಟು ಬಂದ ದಿನ ನೀವು ಟೆರೇಸಿಗೆ ಹತ್ತಿದಿರಿ, ಬಾಟಲಿ ಹಿಡಿದುಕೊಂಡು. ಎರಡು ವರ್ಷ ನೀವು ಮೇಲೆ, ನಾನು ಕೆಳಗೆ. ಮಧ್ಯೆ ಮೆಟ್ಟಿಲಿತ್ತು, ಇಳಿದು ಬಂದು ನನ್ನ ಮುಂದೆ ಒಂದು ಹನಿ ಹಾಕಿದ್ದರೆ ನಾನೂ ನಿಮ್ಮ ಮೂಗು ಒರೆಸ್ತಿದ್ದೆ. ಮನೆಯಲ್ಲಿ ಬಟ್ಟೆಗೇನು ಬರಗಾಲ ಇರಲಿಲ್ಲ.

ಈಗ ಯಾರೋ ಟೈಲರು, ಯಾರೋ ಇನ್ನೊಬ್ಬರು, ಬಟಾಣಿಯನ್ನ ಒಂದು ಸಲವೂ ನೋಡದವರು, ಅವರ ಮುಂದೆ ಸುರಿದುಬಿಟ್ಟಿರಿ. ಹೊಟ್ಟೆ ಉರೀತು. ಇರೋದನ್ನ ಇದ್ದ ಹಾಗೆ ಹೇಳ್ತೀನಿ, ಉರೀತು. ಅಂಗಡಿಯಲ್ಲಿ ಒಬ್ಬರಿಗೆ ಎಡಗಣ್ಣಿನ ಗಾಜನ್ನ ಬಲಕ್ಕೆ ಹಾಕಿಕೊಟ್ಟುಬಿಟ್ಟೆ.

ಇನ್ನೊಂದು ವಿಷಯ. ಬಟಾಣಿ ದಿನಾ ನನ್ನ ಕನಸಿಗೆ ಬರ್ತಾಳೆ. ಎದುರಿಗೆ ಕೂತು ಜಡೆ ಹಾಕಿಸಿಕೊಳ್ತಾಳೆ, ಏನೇನೋ ಹೇಳ್ತಾಳೆ. ಏನು ಅಂತ ನಾನು ಯಾರ ಗುಂಪಿನಲ್ಲೂ ಹೇಳೋಕೆ ಹೋಗಿಲ್ಲ.

ನಾನು


ಫೆಬ್ರವರಿ 18

ಬಟಾಣಿ ಅಮ್ಮನಿಗೆ,

ನಿನ್ನ ಕಾಗದ ಜೇಬಲ್ಲಿಟ್ಟುಕೊಂಡು ಓಡಾಡ್ತಿದೀನಿ. ಬೈದಿದ್ದಕ್ಕೆ ಬೇಜಾರಿಲ್ಲ. ಕನಸಿನ ಮಾತು ಮಾತ್ರ ಒಳಗೆ ಇರಿದುಬಿಟ್ಟಿತು.

ನನ್ನ ಕನಸಿಗೆ ಒಂದು ಸಲವೂ ಬಂದಿಲ್ಲ ಅವಳು. ಹೇಗೆ ಬರ್ತಾಳೆ? ನಾನು ಯಾರು ಅವಳಿಗೆ? ಅವಳಿಗೆ ಮಾತು ಬಂದ ಮೇಲೆ ಮೊದಲ ಸಲ ಹಡಗಿಂದ ಇಳಿದು ಬಂದಾಗ ನಿನ್ನ ಕಾಲ ಹಿಂದೆ ಅಡಗಿಕೊಂಡು “ಮಾಮ ಯಾವಾಗ ಹೋಗ್ತಾರೆ?” ಅಂತ ಕೇಳಿದಳಲ್ಲ. ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ದೊಡ್ಡವಳಾದ ಮೇಲೂ ಅಷ್ಟೇ, “ಅಮ್ಮಾ, ಆ ಟವೆಲ್ ನನ್ನದು ಅಂತ ಅಪ್ಪಂಗೆ ಹೇಳು” ಅನ್ನೋಳು. ನಾನು ಅಲ್ಲೇ ಎದುರಿಗೆ ಕೂತಿರ್ತಿದ್ದೆ! ರಜೆ ಮುಗಿಯೋ ಹೊತ್ತಿಗೆ ಸರಿಯಾಗಿ ಹತ್ತಿರ ಬರೋಳು, ಅಷ್ಟರಲ್ಲಿ ನಾನು ಪೆಟ್ಟಿಗೆ ಕಟ್ಟಿರ್ತಿದ್ದೆ. ಮುಂದಿನ ಸಲ ಮತ್ತೆ ಮೊದಲಿಂದ.

ಹಲ್ಲು ಬಿದ್ದದ್ದು, ಓದೋಕೆ ಕಲಿತದ್ದು, ಜಗಳ, ಮುನಿಸು, ಎಲ್ಲ ನಿನಗೇ ಸಿಕ್ಕಿತು. ಒಂಬತ್ತು ವರ್ಷದ ಮಗಳಲ್ಲಿ ನನ್ನ ಪಾಲಿಗೆ ಬಂದದ್ದು ಎಷ್ಟು? ಈಗ ಕನಸೂ ನಿನ್ನ ಪಾಲೇ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಅಂದರೆ ನಗಬೇಡ.

ಮಾರ್ಚ್ 3, ಭಾನುವಾರ, ಮನೆಯವರು ಬಂದು ನೋಡಬಹುದು. ಬರ್ತೀಯಾ? ಮುಖ ತೋರಿಸಿ ಬೈದರೆ ಇನ್ನೂ ಒಳ್ಳೇದು.

ಬಟಾಣಿ ಅಪ್ಪ


ಮಾರ್ಚ್ 5

ನಿನಗೆ,

ಹೌದು, ‘ನಿನಗೆ’ ಅಂತಲೇ ಬರೆದಿದೀನಿ. ಗೌರವ ಕೊಡೋ ಸ್ಥಿತಿಯಲ್ಲಿ ಇಲ್ಲ.

ಟೀ ತರ್ತೀನಿ ಅಂತ ನೀನು ಕ್ಯಾಂಟೀನಿಗೆ ಹೋದೆ, ವಾಪಸ್ ಬರೋಷ್ಟರಲ್ಲಿ ನಾನು ಇರಲಿಲ್ಲ. ಯಾಕೆ ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನಾನೇ ಹೇಳ್ತೀನಿ.

ನಾನು ಬಂದಾಗ ನಿನ್ನ ಮುಖ ನೋಡಿ ಮನಸ್ಸು ಅರ್ಧ ಕರಗಿತ್ತು. ಕೆನ್ನೆ ತುಂಬಿಕೊಂಡಿತ್ತು, ಕಣ್ಣು ಬೆಳ್ಳಗಾಗಿತ್ತು. ಬೈಯೋಕೆ ತಂದಿದ್ದ ಮಾತೆಲ್ಲ ಮರೆತುಹೋಗಿತ್ತು. ನೀನು ಆ ಕಡೆ ಹೋದೆ, ಈ ಕಡೆಯಿಂದ ಅವಳು ಬಂದಳು. ಚೆಂದ ಇದಾಳೆ. ಅದಕ್ಕೂ ತಯಾರಾಗೇ ಬಂದಿದ್ದೆ. “ನೀವೇ ಅಲ್ವಾ ಬಟಾಣಿ ಅಮ್ಮ?” ಅಂತ ಕೈ ಹಿಡಿದುಕೊಂಡಳು. ಅವಳ ಕನ್ನಡಕ ಸೊಟ್ಟಗಿತ್ತು, ಒಂದು ಕಡ್ಡಿ ಕಿವಿಯಿಂದ ಮೇಲೆ ಎದ್ದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ. “ಕೊಡಿ ಇಲ್ಲಿ” ಅಂತ ಬಿಚ್ಚಿಸಿಕೊಂಡು ಬಗ್ಗಿಸ್ತಾ ನಿಂತೆ.

ಆಗ ಅವಳು ಕಣ್ಣು ಒರೆಸಿಕೊಂಡು ಅಂದಳು: “ಮಗು ಕೊನೇಲಿ ಹೇಳಿದ ಮಾತು ಕೇಳಿದಾಗ ನಾವು ಯಾರೂ ಅಳು ತಡೆಯೋಕಾಗಲಿಲ್ಲ. ನೀವು ಹೇಗೆ ತಡಕೊಂಡ್ರೋ.”

ಕೊನೇಲಿ ಹೇಳಿದ ಮಾತು.

ನನಗೆ ಗೊತ್ತಿಲ್ಲ ಅಂತ ಅವಳ ಮುಂದೆ ಹೇಗೆ ಹೇಳಲಿ? ಹಾಗೇ ಹೊರಟು ಬಂದುಬಿಟ್ಟೆ. ಬಸ್ಸಿನಲ್ಲಿ ನೋಡಿದರೆ ಅವಳ ಕನ್ನಡಕ ನನ್ನ ಕೈಯಲ್ಲೇ ಇದೆ. ಈ ಕಾಗದದ ಜೊತೆ ಡಬ್ಬಿಯಲ್ಲಿಟ್ಟು ಕಳಿಸ್ತಿದೀನಿ, ಕೊಟ್ಟುಬಿಡು. ಕಡ್ಡಿ ಸರಿ ಮಾಡಿದೀನಿ.

ನಾಲ್ಕು ದಿನ ಆಸ್ಪತ್ರೆಯಲ್ಲಿ ಅವಳ ಮಂಚ ಬಿಟ್ಟು ಕದಲಿರಲಿಲ್ಲ ನಾನು. “ಹೋಗು, ಸ್ನಾನ ಮಾಡಿ ಬಾ, ನಾನಿದೀನಲ್ಲ” ಅಂತ ಬಲವಂತ ಮಾಡಿ ಕಳಿಸಿದವನು ನೀನು. ನಾನು ತಲೆಗೆ ನೀರು ಹಾಕಿಕೊಳ್ತಿದ್ದಾಗ ನನ್ನ ಮಗು ಹೋಯ್ತು. ಏನಾದರೂ ಹೇಳಿದಳಾ ಅಂತ ಕಾಲು ಹಿಡಿಯೋ ಹಾಗೆ ಕೇಳಿದೆ. “ಏನೂ ಇಲ್ಲ, ಮಲಗಿದ್ದ ಹಾಗೇ ಹೋದಳು” ಅಂದೆ ನೀನು.

ಆ ಮಧ್ಯಾಹ್ನ ನಿನಗೆ ಸಿಕ್ಕಿತು, ನನಗೆ ಸಿಗಲಿಲ್ಲ ಅಂತ ಎರಡು ವರ್ಷ ಒಳಗೊಳಗೇ ಬೆಂದಿದೀನಿ. ಅದರಲ್ಲಿ ಒಂದು ಮಾತೂ ಇತ್ತು, ಅದನ್ನ ಊರವರಿಗೆಲ್ಲ ಹಂಚಿದೆ, ಹೆತ್ತವಳಿಗೆ ಮಾತ್ರ ಇಲ್ಲ.

ಕುಡಿದು ಬಿದ್ದಿದ್ದಾಗಲೂ ನೀನು ಇಷ್ಟು ದೂರ ಇರಲಿಲ್ಲ. ನೀನು ಅಲ್ಲೇ ಇರು. ಅವರ ಜೊತೆಗೇ ಇರು.


ಮಾರ್ಚ್ 20

ನಿನಗೆ,

ಉತ್ತರ ಬರಲಿಲ್ಲ. ನನ್ನ ಕೋಪ ಇಳಿಯಲಿ ಅಂತ ಕಾಯ್ತಿದ್ದರೆ, ಇಳಿದಿಲ್ಲ. ಆದರೂ ಬರಿ. ಬೈಗುಳಕ್ಕಾದರೂ ಉತ್ತರ ಬೇಕಲ್ಲ.


ಏಪ್ರಿಲ್ 4

ಬಟಾಣಿ ಅಪ್ಪನಿಗೆ,

ಆಫೀಸಿಗೆ ಫೋನ್ ಮಾಡಿದೆ. ನೀವು ಕಳೆದ ತಿಂಗಳೇ ಚೀಲ ತಗೊಂಡು ಹೊರಟುಹೋದಿರಿ ಅಂದರು. ಎಲ್ಲಿಗೆ ಅಂತ ಅವರಿಗೂ ಗೊತ್ತಿಲ್ಲ. “ಯಾರನ್ನೂ ಕಟ್ಟಿಹಾಕೋಕೆ ಆಗಲ್ಲಮ್ಮ, ಕೆಲವರು ತಾವೇ ವಾಪಸ್ ಬರ್ತಾರೆ” ಅಂದರು ಆ ಕಡೆಯವರು. ಈ ಕಾಗದ ನೀವು ಬಂದರೆ ಕೊಡಲಿ ಅಂತ ಅಲ್ಲಿಗೇ ಕಳಿಸ್ತಿದೀನಿ.

ಬಂದರಿನ ಕಡೆ ಹೋಗಿ ಹುಡುಕಿದೆ. ಲಂಗರು ಅಂಗಡಿ ಬೀದಿ, ಹಡಗಿನವರ ಲಾಡ್ಜುಗಳು, ಎಲ್ಲ. ಒಂದು ಬಾರಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದೆ. ಬೆನ್ನು ತಿರುಗಿಸಿ ಕೂತವರೆಲ್ಲ ನಿಮ್ಮ ಹಾಗೇ ಕಂಡರು.

ಒಂದು ಮಾತು ಹೇಳಬೇಕು. ಆ ಕನಸು ಸುಳ್ಳು. ಬಟಾಣಿ ನನ್ನ ಕನಸಿಗೂ ಬಂದಿಲ್ಲ. ಅವಳ ದಿಂಬಿನ ಮೇಲೆ ತಲೆಯಿಟ್ಟು ಮಲಗಿ ನೋಡಿದೆ, ಅವಳ ಅಂಗಿ ಮಡಿಲಲ್ಲಿಟ್ಟುಕೊಂಡೂ ನೋಡಿದೆ, ಬರಲಿಲ್ಲ. ನಿಮ್ಮ ಹೊಟ್ಟೆ ಉರಿಯಲಿ ಅಂತ ಬರೆದೆ. ಹೊಟ್ಟೆಕಿಚ್ಚು ಅಂತ ನೀವು ಬರೆದಾಗ ನನಗೆ ಖುಷಿಯಾಯ್ತು. ಅದೆಂಥ ಖುಷಿಯೋ.

ನೀವು ಎಲ್ಲಿದ್ದರೂ ಇದು ನಿಮಗೆ ತಿಳಿಯಬೇಕಿತ್ತು. ಇಬ್ಬರ ಕೈಯೂ ಖಾಲಿ.

ಬದುಕಿದ್ದರೆ ಒಂದು ಗೆರೆ ಬರೀರಿ.


ಏಪ್ರಿಲ್ 13

ಬಟಾಣಿ ಅಮ್ಮನಿಗೆ,

ಬದುಕಿದೀನಿ. ವಾಪಸ್ ಬಂದಿದೀನಿ. ಆಫೀಸಿನಲ್ಲಿ ನಿನ್ನ ಎರಡು ಕಾಗದ ಒಟ್ಟಿಗೆ ಕೊಟ್ಟರು.

ಕುಡಿದೆ. ನೀನು ಹುಡುಕಿದ ಬೀದಿಯಲ್ಲೇ ಇದ್ದೆ, ಒಂದು ಲಾಡ್ಜಿನ ಮಹಡಿಯಲ್ಲಿ. ನೀನು ಬಂದ ದಿನ ಮೇಲೆ ಮಲಗಿದ್ದೆನೋ ಏನೋ, ಯೋಚಿಸಿದರೆ ಮೈ ಜುಂ ಅನ್ನುತ್ತೆ. ಒಂದು ದಿನ ಬಾರಿನಲ್ಲಿ ಪಕ್ಕ ಕೂತವನು, ಯಾರೋ ಹೊಸಬ, ಹೊತ್ತು ಹೋಗಲಿ ಅಂತ “ಮಕ್ಕಳೆಷ್ಟು ನಿಮಗೆ?” ಅಂದ. “ಇಲ್ಲ” ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಗೊತ್ತಾ. ಗ್ಲಾಸು ಅಲ್ಲೇ ಬಿಟ್ಟು ಎದ್ದೆ. ಹೊರಗೆ ಬಂದು ವಾಂತಿ ಮಾಡಿಕೊಂಡು, ನಡೆದುಕೊಂಡೇ ಇಲ್ಲಿಗೆ ಬಂದೆ. ಮತ್ತೆ ನಡುಕ, ಮತ್ತೆ ಮಾತ್ರೆ, ಎಲ್ಲ ಮೊದಲಿಂದ. ಟೈಲರ್ ಮೇಡಂ ಗುಣವಾಗಿ ಮನೆಗೆ ಹೋದರಂತೆ. ಕನ್ನಡಕ ಅವರಿಗೆ ತಲುಪಿದೆ.

ಈಗ ಆ ಮಧ್ಯಾಹ್ನ. ಕೂತು ಓದು.

ನೀನು ಹೋಗಿ ಸ್ವಲ್ಪ ಹೊತ್ತಾಗಿತ್ತು. ಜ್ವರ ಇಳಿದಿದೆ ಅಂತ ನರ್ಸ್ ಹೇಳಿ ಹೋದಳು. ಬಟಾಣಿ ಕಣ್ಣು ಬಿಟ್ಟಳು. ಅವಳ ಕೈ ನನ್ನ ಕೈಯೊಳಗಿತ್ತು, ಅವಳೇ ಹಿಡಿದುಕೊಂಡಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳೂ ನಾನೂ ಇಬ್ಬರೇ ಇದ್ದೆವು, ಮಧ್ಯೆ ನೀನು ಇರಲಿಲ್ಲ. ಈಗ ನನಗೇ ಏನೋ ಹೇಳ್ತಾಳೆ ಅಂತ ಬಗ್ಗಿದೆ. ಅವಳು ನನ್ನ ಭುಜದ ಮೇಲಿಂದ ಬಾಗಿಲು ನೋಡ್ತಾ “ಅಮ್ಮ ಬಂದ್ಲಾ?” ಅಂದಳು.

ಆ ಹೊತ್ತಿನಲ್ಲೂ ನಿನ್ನನ್ನೇ ಕೇಳಿದಳು.

ನೀನು ಮನೆಗೆ ಹೋಗಿದೀಯ ಅಂತ ಹೇಳೋಕೆ ಬಾಯಿ ಬರಲಿಲ್ಲ. “ಬಂದಳು ಕಂದಾ, ಹೊರಗೆ ಚಪ್ಪಲಿ ಬಿಡ್ತಿದಾಳೆ” ಅಂದೆ. “ಹ್ಞೂ” ಅಂದಳು. ಬಾಗಿಲ ಕಡೆಗೇ ಮುಖ ಮಾಡಿ ಕಣ್ಣು ಮುಚ್ಚಿದಳು. ಮುಖದಲ್ಲಿ ಎಷ್ಟು ನೆಮ್ಮದಿ ಇತ್ತು ಅಂದರೆ ನಿದ್ದೆ ಬಂತು ಅಂದುಕೊಂಡೆ. ಡಾಕ್ಟರು ಬಂದು ನೋಡೋವರೆಗೂ ನನಗೆ ಗೊತ್ತಾಗಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ನೀನು ನೊಂದುಕೊಳ್ತೀಯ ಅಂತ ಹೇಳಲಿಲ್ಲ ಅಂದರೆ ಚೆನ್ನಾಗಿರುತ್ತೆ, ಆದರೆ ಅದು ನಿಜ ಅಲ್ಲ. ಅವಳ ಎಲ್ಲ ದಿನವೂ ನಿನ್ನದಾಗಿತ್ತು. ಅದೊಂದು ಮಧ್ಯಾಹ್ನ ನನಗೆ ಬಂದಿತ್ತು. ನಿನಗೆ ಹೇಳಿದರೆ ಅದೂ ನಿನ್ನದೇ ಆಗ್ತಿತ್ತು. ಕೊಡೋಕೆ ಮನಸ್ಸು ಬರಲಿಲ್ಲ, ಬಚ್ಚಿಟ್ಟುಕೊಂಡೆ. ಇಟ್ಟುಕೊಂಡದ್ದು ಒಳಗೇ ಕೊಳೀತು, ಮೇಲೆ ಕುಡಿದೆ. ಇಲ್ಲಿ ಹೇಳೋದು ಸುಲಭವಾಗಿತ್ತು. ಇವರು ಯಾರೂ ಅದನ್ನ ನನ್ನಿಂದ ಕಿತ್ತುಕೊಳ್ಳೋರಲ್ಲ.

ಇಗೋ, ತಗೋ. ನಿನ್ನದೇ.

ಬಟಾಣಿ ಅಪ್ಪ


ಏಪ್ರಿಲ್ 21

ಬಟಾಣಿ ಅಪ್ಪನಿಗೆ,

ನಿನ್ನ ಕಾಗದ ಅಂಗಡಿಗೇ ತಂದುಕೊಟ್ಟರು. ಒಬ್ಬ ಹೆಂಗಸಿಗೆ ಪರೀಕ್ಷೆಯ ಗಾಜು ಹಾಕಿ, ಗೋಡೆ ಮೇಲಿನ ಅಕ್ಷರ ಓದಿ ಅಂತ ಕೂರಿಸಿ, ಲಕೋಟೆ ಒಡೆದೆ. ಆಕೆ ಎಲ್ಲ ಸಾಲೂ ಓದಿ ಮುಗಿಸಿ, “ಮುಂದೆ ಏನಮ್ಮ?” ಅಂತ ಕೇಳ್ತಾನೇ ಇದ್ದಳು. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ.

ಇನ್ನು ಮೇಲೆ ‘ನೀನು’ ಅಂತಲೇ ಅಂತೀನಿ. ಕೋಪಕ್ಕಲ್ಲ.

ಅವಳು ನನ್ನನ್ನ ಕೇಳಿದಳು ಅಂತ ಓದಿದಾಗ ಮೊದಲು ಬಂದದ್ದು ಅಳು ಅಲ್ಲ. ಗೆದ್ದೆ ಅನ್ನಿಸಿತು. ಒಂದು ಕ್ಷಣ, ಅಷ್ಟೇ. ಯಾರನ್ನ ಗೆದ್ದೆ ಅಂತ ನೋಡಿದರೆ ಮಗುವಿನ ಕೈ ಹಿಡಿದುಕೊಂಡು ಒಬ್ಬನೇ ಕೂತ ನೀನು ಕಂಡೆ. ಆಮೇಲೆ ಅತ್ತೆ. ಕನ್ನಡಕ ಹಾಕಿದ್ದ ಆ ಹೆಂಗಸೇ ನೀರು ತಂದುಕೊಟ್ಟಳು.

ಆವತ್ತು ನಾನು ಅಲ್ಲಿದ್ದಿದ್ದರೆ ಅವಳ ಕಣ್ಣಿನ ತುಂಬ ನನ್ನ ಗಾಬರಿಯೇ ತುಂಬಿರ್ತಿತ್ತು. ಕಿರುಚಿ ನರ್ಸನ್ನ ಕರೀತಿದ್ದೆ, ಮಂಚ ಅಲ್ಲಾಡಿಸ್ತಿದ್ದೆ. ನಿನ್ನ ಮಾತಿನಿಂದ ನಾನು ಬಾಗಿಲಲ್ಲಿದ್ದೆ. ನಾನು ಬಂದೆ ಅಂತ ನಂಬಿಕೊಂಡು ಹೋದಳು. ಇದನ್ನ ನಾನು ಸಾಯೋವರೆಗೂ ಮರೆಯಲ್ಲ.

ಹಾಗಂತ ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡ. ಅವಳು ನಿನ್ನ ಕೈ ಹಿಡಿದುಕೊಂಡಿದ್ದಳು ಅಂದೆಯಲ್ಲ, ಅದಕ್ಕೆ ನನಗೆ ಇವತ್ತೂ ಹೊಟ್ಟೆ ಉರೀತಿದೆ. ಆ ಟೈಲರ್ ನನಗಿಂತ ಮುಂಚೆ ಕೇಳಿದಳು ಅನ್ನೋದಕ್ಕೂ ಉರೀತಿದೆ. ಅದು ಆರೋದಕ್ಕೆ ಟೈಮ್ ಬೇಕು. ನೀನು ಮತ್ತೆ ಕುಡಿದದ್ದಕ್ಕೆ ಭಯವೂ ಇದೆ. ನನ್ನ ಕಾಗದದಿಂದ ಕುಡಿದೆ ಅಂತ ನೀನು ಬರೀಲಿಲ್ಲ, ಬರೆದಿದ್ದರೂ ನಾನು ಒಪ್ಪಿಕೊಳ್ತಿರಲಿಲ್ಲ.

ಮುಂದಿನ ಭಾನುವಾರ ಬರ್ತೀನಿ. ಟೀ ಆಮೇಲೆ ತಂದರಾಯ್ತು, ಎದ್ದು ಹೋಗಬೇಡ, ಎದುರಿಗೇ ಕೂರು. ಆ ಮಧ್ಯಾಹ್ನವನ್ನ ಬಾಯಲ್ಲಿ ಹೇಳು. ಕಾಗದದಲ್ಲಿ ಅವಳ ದನಿ ಕೇಳಿಸಲಿಲ್ಲ ನನಗೆ. ಮೆಲ್ಲಗೆ ಅಂದಳಾ, ಜೋರಾಗಿ ಅಂದಳಾ, ಹೇಗೆ ಅಂದಳು ಅಂತ ಬೇಕು.

ನಾನೂ ಹೇಳಬೇಕಾದ್ದು ಬಹಳ ಇದೆ. ಎಲ್ಲ ನನ್ನೊಬ್ಬಳಿಗೇ ಸಿಕ್ಕಿತು ಅಂದೆಯಲ್ಲ, ನಿಜ. ನಾನೂ ಬಚ್ಚಿಟ್ಟುಕೊಂಡಿದೀನಿ. ಒಂದನ್ನ ಭಾನುವಾರದವರೆಗೂ ಇಟ್ಟುಕೊಳ್ಳೋಕೆ ಆಗ್ತಿಲ್ಲ, ಈಗಲೇ ಹೇಳ್ತೀನಿ.

ನೀನು ಸಮುದ್ರದಲ್ಲಿದ್ದಾಗ, ಬಂದರಿನಲ್ಲಿ ಯಾವ ಹಡಗು ಕೂಗಿದರೂ ಅವಳು ಮಾಡ್ತಿದ್ದದ್ದನ್ನ ಬಿಟ್ಟು ಕಿಟಕಿಗೆ ಓಡೋಳು. ಬಾಯಲ್ಲಿ ಅನ್ನ ಇದ್ದರೂ ಸರಿ, ತಲೆ ಬಾಚಿಸಿಕೊಳ್ತಿದ್ದರೂ ಸರಿ. ಸರಳು ಹಿಡಿದು, ಗಂಟಲು ಹರಿಯೋ ಹಾಗೆ “ಅಪ್ಪಾ, ನಾನು ಇಲ್ಲಿದೀನಿ!” ಅಂತ ಉತ್ತರ ಕೂಗೋಳು. ಅದು ನಿನ್ನ ಹಡಗಲ್ಲ ಅಂತ ಎಷ್ಟು ಸಲ ಹೇಳಿದರೂ ಕೇಳ್ತಿರಲಿಲ್ಲ. ನೀನು ಮನೆಗೆ ಬಂದರೆ ಮಾತ್ರ ಬಾಯಿ ಕಟ್ಟಿದ ಹಾಗೆ ನನ್ನ ಹಿಂದೆ ನಿಲ್ಲೋಳು. ಆಗೆಲ್ಲ ನಾನು ಒಂದೇ ಒಂದು ಮಾತು ನಿನಗೆ ಹೇಳಿಬಿಟ್ಟಿದ್ದರೆ ಸಾಕಿತ್ತು.

ಹೇಳಲಿಲ್ಲ. ಯಾಕೆ ಅಂತ ಜಗತ್ತಿನಲ್ಲಿ ಯಾರಿಗಾದರೂ ಅರ್ಥವಾದರೆ ಅದು ನಿನಗೆ.